ಎರಡು ವೃತ್ತಗಳ ನಡುವೆ ಆದ ತಪ್ಪು

ಮುಳಬಾಗಿಲಿನಲ್ಲಿ ಗಾದಿ ಹೊಲಿದು ಬದುಕುವ ಏಜಾಜ್ ಅವರ ಹಿರಿಯ ಮಗಳು ರುಕ್ಸಾರ್ ಚಿಕ್ಕಂದಿನಿಂದಲೂ ಪುಕ್ಕಲಿ. ಶಾಲೆಯಲ್ಲಿ ಹಾಜರಿ ಕೂಗಿದರೆ ಬಾಯಿ ಬಿಡದೆ ಕೈಯನ್ನಷ್ಟೇ ಎತ್ತುತ್ತಿದ್ದಳು. ಅಂಥವಳು ಗಣಿತದಲ್ಲಿ ಎಂಎಸ್ಸಿ ಮುಗಿಸಿ ಕೋಲಾರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದಾಗ ಬೀದಿಯವರಿಗೆಲ್ಲ ಆಶ್ಚರ್ಯ. ಗಣಿತ ಅವಳಿಗೆ ಹಿಡಿಸಿದ್ದೂ ಆ ಪುಕ್ಕಲುತನದಿಂದಲೇ. ಲೆಕ್ಕ ಮಾಡುವಾಗ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಪಾಠ ಮಾಡುವಾಗಲೂ ಆದಷ್ಟು ಬೋರ್ಡಿನ ಕಡೆಗೇ ತಿರುಗಿರುತ್ತಿದ್ದಳು.

ಆ ದಿನ ಎಂಎಸ್ಸಿ ತರಗತಿಗೆ ಲಾರೆಂಟ್ ಸೀರೀಸ್ ಪಾಠ, ಎಂದರೆ ಒಂದು ಫಂಕ್ಷನ್ನನ್ನು ಕೊನೆಯಿಲ್ಲದ ಪದಗಳ ಸರಣಿಯಾಗಿ ಬಿಡಿಸುವುದು. ಮರುದಿನವೇ ಟೆಸ್ಟ್. ಅವಳು ತೆಗೆದುಕೊಂಡ ಫಂಕ್ಷನ್ ಎರಡು ಬಿಂದುಗಳಲ್ಲಿ ಮುರಿದು ಬೀಳುತ್ತಿತ್ತು: ಒಂದರಲ್ಲಿ ಮತ್ತು ಎರಡರಲ್ಲಿ. ಸೊನ್ನೆಯನ್ನು ನಡುವಿಟ್ಟು ಆ ಎರಡು ಬಿಂದುಗಳ ಮೂಲಕ ಎರಡು ವೃತ್ತ ಎಳೆದಳು. ಚಿಕ್ಕ ವೃತ್ತದ ಒಳಗೆ ಒಂದು ಸರಣಿ, ಎರಡು ವೃತ್ತಗಳ ನಡುವಿನ ಉಂಗುರದಲ್ಲಿ ಇನ್ನೊಂದು, ದೊಡ್ಡ ವೃತ್ತದ ಆಚೆ ಮತ್ತೊಂದು. ಫಂಕ್ಷನ್ ಅದೇ ಆದರೂ ಒಂದು ಜಾಗದ ಸರಣಿ ಇನ್ನೊಂದು ಜಾಗದಲ್ಲಿ ನಡೆಯುವುದಿಲ್ಲ. ಒಳಗಿನದನ್ನು ಬಿಡಿಸಿ ಮುಗಿಸಿ ಉಂಗುರಕ್ಕೆ ಕೈ ಹಾಕಿದಾಗ ಬಾಗಿಲಲ್ಲಿ ನೆರಳು ಬಿತ್ತು. ವಿಭಾಗದ ಮುಖ್ಯಸ್ಥೆ ಶ್ಯಾಮಲಮ್ಮ ಬಂದು ನಿಂತಿದ್ದರು. ರುಕ್ಸಾರ್ ಬೋರ್ಡಿಗೆ ಇನ್ನಷ್ಟು ಹತ್ತಿರ ಸರಿದಳು. ಏನೋ ಬರೆದಳು, ಬರೆದು ಮುಗಿಸಿದಳು. ಶ್ಯಾಮಲಮ್ಮ ಮುಂದೆ ನಡೆದರು. ಬೆಲ್ ಹೊಡೆಯಿತು.

ಸಂಜೆ ಊರಿಗೆ ಹೊರಟ ಬಸ್ಸು ವಡ್ಡಹಳ್ಳಿಯಲ್ಲಿ ಟೊಮ್ಯಾಟೊ ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಕಿಟಕಿಗೆ ತಲೆ ಆನಿಸಿದ್ದ ರುಕ್ಸಾರ್‌ಗೆ ಬೋರ್ಡು ಕಣ್ಣ ಮುಂದೆ ಬಂತು. ಉಂಗುರದೊಳಗಿನ ಒಂದೂವರೆಯನ್ನು ತೆಗೆದುಕೊಂಡು ತಾನು ಬರೆದ ಸರಣಿಗೆ ಮನಸ್ಸಿನಲ್ಲೇ ಹಾಕಿ ನೋಡಿದಳು. ಒಂದು, ಒಂದೂವರೆ, ಎರಡೂಕಾಲು... ಪದಗಳು ಕಿರಿದಾಗುವ ಬದಲು ಬೆಳೆಯುತ್ತಲೇ ಹೋದವು. ಫಂಕ್ಷನ್ನಿನ ಎರಡು ಭಾಗಗಳಲ್ಲಿ ಒಂದು ಎಂಬ ಬಿಂದುವಿಗೆ ಸೇರಿದ್ದನ್ನು ಉಂಗುರದಲ್ಲಿ ತಿರುಗಿಸಿ, ಸಂಖ್ಯೆ ಛೇದದಲ್ಲಿ ಬರುವಂತೆ ಬಿಡಿಸಬೇಕಿತ್ತು. ಅವಳು ಚಿಕ್ಕ ವೃತ್ತದೊಳಗಿನ ಸಾಲನ್ನೇ ಮತ್ತೆ ಬರೆದಿದ್ದಳು.

ಶ್ರೀನಿವಾಸಪುರದ ಮುನೇಶ್ ಸರ್ ನೆನಪಾದರು. ಅವರೂ ಅತಿಥಿ ಉಪನ್ಯಾಸಕರೇ. ‘ಪಾಠ ತಪ್ಪು ಹೇಳ್ತಾರೆ’ ಎಂದು ವಿದ್ಯಾರ್ಥಿಗಳು ಕೊಟ್ಟ ದೂರಿಗೆ ಕೆಲಸ ಕಳೆದುಕೊಂಡು ಈಗ ಮಾಲೂರಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿದ್ದರು. ತರಗತಿಯ ವಾಟ್ಸಾಪ್ ಗ್ರೂಪಿಗೆ ತಿದ್ದುಪಡಿ ಹಾಕೋಣವೆಂದರೆ ಶ್ಯಾಮಲಮ್ಮನೂ ಅದರಲ್ಲಿದ್ದಾರೆ. ಟೈಪ್ ಮಾಡಿದಳು, ಅಳಿಸಿದಳು. ಮತ್ತೆ ಟೈಪ್ ಮಾಡಿ ಮತ್ತೆ ಅಳಿಸಿದಳು. ಯಾರೂ ಗಮನಿಸಿರಲಾರರು ಎಂದುಕೊಂಡರೆ ಒಂದು ಗಳಿಗೆ ಉಸಿರು ಹಗುರಾಗುತ್ತಿತ್ತು, ಮರುಗಳಿಗೆ ಬಿಗಿಯುತ್ತಿತ್ತು.

ಮನೆಯಲ್ಲಿ ಅಮ್ಮ ರಹಮತುನ್ನೀಸಾ ಅವಳ ಮುಖ ನೋಡಿದವರೇ ಹಣೆ ಮುಟ್ಟಿ ನೋಡಿದರು. “ಕ್ಯಾ ಹುವಾ ಗೇ? ಕೈಕು ಡರ್‍ತೀ?”

ಏನಾಯಿತು, ಯಾಕೆ ಹೆದರಿದ್ದೀ ಎಂದರೆ ಏನು ಹೇಳುವುದು? ತಲೆನೋವು ಎಂದು ಕೋಣೆ ಸೇರಿ, ತರಗತಿಯಲ್ಲಿ ಚುರುಕಾಗಿದ್ದ ವಕ್ಕಲೇರಿಯ ಪವಿತ್ರಳಿಗೆ ಫೋನ್ ಮಾಡಿದಳು. ಆ ಕಡೆ ಹಸು ಕೂಗುವುದು ಕೇಳಿಸುತ್ತಿತ್ತು.

“ಪವಿತ್ರ, ಇವತ್ತಿನ ಉಂಗುರದ ಲೆಕ್ಕ ಮನೇಲಿ ಮಾಡಿ ನೋಡಿದ್ರಾ?”

“ಮಾಡ್ದೆ ಮೇಡಂ. ನಂಗೆ ಬೇರೆ ಥರ ಬಂತು. ನೀವು ಬರೆದಿದ್ದೀರಿ ಅಂದ್ಮೇಲೆ ನಂದೇ ತಪ್ಪು ಅಂದ್ಕೊಂಡು ಹೊಡೆದಾಕ್ಬಿಟ್ಟೆ. ಈಗ ನಿಮ್ದೇ ಬಾಯಿಪಾಠ ಮಾಡ್ತಿದೀನಿ.”

ರುಕ್ಸಾರ್ ಇಷ್ಟು ಹೊತ್ತು ತಾನು ಸಿಕ್ಕಿಬೀಳುತ್ತೇನೆಂದು ಹೆದರಿದ್ದಳು. ಈ ಹುಡುಗಿ ತನ್ನನ್ನು ನಂಬಿ ಸರಿಯಾದುದನ್ನೇ ಹೊಡೆದುಹಾಕಿದ್ದಾಳೆ ಎಂಬುದು ಅದಕ್ಕಿಂತ ದೊಡ್ಡ ಭಯವಾಗಿ ಎದೆಯ ಮೇಲೆ ಕೂತಿತು.

“ನಿಮ್ದೇ ಸರಿ ಪವಿತ್ರ. ತಪ್ಪು ನಂದು,” ಎಂದಳು.

ಸರಿಯಾದ ಸರಣಿಯನ್ನು ಬರೆದು, ಫೋಟೊ ತೆಗೆದು, ‘ತರಗತಿಯಲ್ಲಿ ನಾನು ತಪ್ಪು ಬರೆದಿದ್ದೆ’ ಎಂಬ ಸಾಲಿನೊಂದಿಗೆ ಗ್ರೂಪಿಗೆ ಕಳಿಸಿದಳು. ಶ್ಯಾಮಲಮ್ಮ ಅದನ್ನು ನೋಡಿದ್ದು ಗೊತ್ತಾಯಿತು. ಉತ್ತರ ಬರಲಿಲ್ಲ.

ಬೆಳಿಗ್ಗೆ ಕಾಲೇಜಿಗೆ ಕಾಲಿಟ್ಟೊಡನೆ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಬರಲು ಕರೆ ಬಂತು. ಶ್ಯಾಮಲಮ್ಮ ಕನ್ನಡಕ ಒರೆಸುತ್ತಾ ಕೇಳಿದರು: “ನಾನು ಬಾಗಿಲಲ್ಲಿ ನಿಂತಿದ್ದಾಗ ಆಗಿದ್ದಲ್ವಾ ಅದು?”

“ಹೌದು ಮೇಡಂ.”

“ನಾನು ಬೋರ್ಡ್ ನೋಡ್ಲೇ ಇಲ್ಲ ಕಣಮ್ಮ. ಹಿಂದಿನ ಬೆಂಚಲ್ಲಿ ಯಾರು ಮಲಗಿದ್ದಾರೆ ಅಂತ ನೋಡ್ತಿದ್ದೆ.” ಕನ್ನಡಕ ಹಾಕಿಕೊಂಡು, “ಟೆಸ್ಟಲ್ಲಿ ಅದೇ ಪ್ರಶ್ನೆ ಇದೆ. ಎಲ್ರೂ ಫೋನ್ ನೋಡಿರಲ್ಲ. ಮೊದ್ಲು ಹೋಗಿ ಬೋರ್ಡ್ ಮೇಲೆ ಮಾಡಿ. ನಾನೂ ಬಂದು ಕೂತ್ಕೋತೀನಿ,” ಎಂದರು.

ಅವರು ಕೂತುಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಆದರೂ ಹೋದಳು. ಶ್ಯಾಮಲಮ್ಮ ಕೊನೆಯ ಬೆಂಚಿನಲ್ಲಿ ಕೂತರು. ರುಕ್ಸಾರ್ ಈ ಸಲ ತರಗತಿಯ ಕಡೆ ತಿರುಗಿ, ಉಂಗುರದೊಳಗಿನ ಒಂದು ಸಂಖ್ಯೆ ಹೇಳಿ ಎಂದಳು. ವಿದ್ಯಾರ್ಥಿಗಳು ಒಂದೂವರೆ ಎಂದರು. ಫಂಕ್ಷನ್ನಿಗೆ ಹಾಕಿದಾಗ ಮೈನಸ್ ನಾಲ್ಕು ಬಂತು. ನಿನ್ನೆಯ ಸಾಲಿಗೆ ಹಾಕಿದರೆ ಮೊತ್ತ ನಿಲ್ಲದೆ ಬೆಳೆಯಿತು. ತಿದ್ದಿದ ಸರಣಿಯ ಎರಡು ಭಾಗಗಳೂ ಮೈನಸ್ ಎರಡರ ಕಡೆಗೆ ಇಳಿದವು. ಕೂಡಿದರೆ ಮೈನಸ್ ನಾಲ್ಕು. ಅವಳ ದನಿ ಉದ್ದಕ್ಕೂ ನಡುಗುತ್ತಿತ್ತು. ಯಾರೂ ನಗಲಿಲ್ಲ. ಅರ್ಧಕ್ಕೇ ಶ್ಯಾಮಲಮ್ಮ ಎದ್ದು ಟೆಸ್ಟಿನ ಪೇಪರ್ ತರಲು ಹೋದರು.

ದೂರು ಹೋಗಲಿಲ್ಲ. ಆದರೂ ಮುಂದಿನ ವರ್ಷದ ನೇಮಕದ ಆದೇಶ ಕೈಗೆ ಬರುವವರೆಗೂ ಅವಳು ಸರಿಯಾಗಿ ಉಣ್ಣಲಿಲ್ಲ. ಬಂದ ಮೇಲೂ ಭಯ ಬಿಟ್ಟು ಹೋಗಲಿಲ್ಲ. ಎರಡನೇ ವರ್ಷಕ್ಕೆ ಬಂದ ಪವಿತ್ರ ಈಗ ಪಾಠದ ನಡುವೆಯೇ ಎದ್ದು ನಿಲ್ಲುತ್ತಾಳೆ. “ಮೇಡಂ, ಮೂರ್ನೇ ಲೈನ್ ಇನ್ನೊಂದ್ಸಲ ನೋಡ್ತೀರಾ?” ಎನ್ನುತ್ತಾಳೆ. ಪ್ರತಿ ಸಲವೂ ರುಕ್ಸಾರ್‌ಳ ಎದೆ ಧಸಕ್ಕೆನ್ನುತ್ತದೆ. ಚಾಕ್‌ಪೀಸ್ ಗಟ್ಟಿಯಾಗಿ ಹಿಡಿದುಕೊಂಡು ಮೂರನೇ ಸಾಲನ್ನು ಮೊದಲಿನಿಂದ ಓದುತ್ತಾಳೆ. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತದೆ.