ಗೊರಕೆ ನಿಂತಾಗ ಎಚ್ಚರವಾಗುವವಳು

ನಾನು ಗೊರಕೆ ಹೊಡೆಯುತ್ತೇನೆ ಎಂಬುದನ್ನು ಬಹಳ ವರ್ಷ ನಂಬಿರಲಿಲ್ಲ. ನಂಬುವುದಾದರೂ ಹೇಗೆ? ಓಣಿಯೆಲ್ಲ ಕೇಳಿದ ಆ ಕಛೇರಿಯನ್ನು ಹಾಡಿದವನೊಬ್ಬನೇ ಕೇಳಿರಲಿಲ್ಲ.

ಹಗಲು ನಿದ್ದೆಯನ್ನು ಮಾತ್ರ ಅಲ್ಲಗಳೆಯುವಂತಿರಲಿಲ್ಲ. ನಾನು ಮಾಸ್ತರಿಕೆ ಮಾಡುವುದು ಹುನಗುಂದದಲ್ಲಿ, ಮನೆ ಇಳಕಲ್ಲಿನಲ್ಲಿ. ನಡುವಿನ ದಾರಿ ನಾಲ್ಕು ಆಕಳಿಕೆಯಷ್ಟು. ಅಷ್ಟರಲ್ಲೇ ನಿದ್ದೆ ಹೋಗಿ, ಇಳಕಲ್ಲು ದಾಟಿ, ಎರಡು ಸಲ ಕುಷ್ಟಗಿ ನೋಡಿಕೊಂಡು ಬಂದಿದ್ದೇನೆ. ಎರಡನೆಯ ಸಲ ಕಂಡಕ್ಟರ್, "ಸರ, ಇಲ್ಲೇ ಒಂದು ಮನಿ ಮಾಡಿಬಿಡ್ರಿ" ಅಂದ. ಪರೀಕ್ಷೆಯ ಕೋಣೆಗೆ ಕಾವಲು ಕೂತು ನಾನು ನಿದ್ದೆ ಹೋದಾಗ ಮಕ್ಕಳು ಎಷ್ಟು ಸದ್ದಿಲ್ಲದೆ ಬರೆದರೆಂದರೆ, ಆ ಕೋಣೆಯ ಶಿಸ್ತನ್ನು ಹೆಡ್‌ಮಾಸ್ತರು ಹೊಗಳಿದರು.

ಕೊನೆಗೆ ಹೆಂಡತಿ ಕಸ್ತೂರಿ ನನ್ನನ್ನು ಬಾಗಲಕೋಟೆಯ ದವಾಖಾನೆಗೆ ಎಳೆದೊಯ್ದಳು. "ಇವರ ಗೊರಕಿಗೆ ನಿಮಗ ನಿದ್ದಿ ಹತ್ತೂದಿಲ್ಲೇನ್ರಿ ಅಕ್ಕಾರ?" ಎಂದು ಡಾಕ್ಟರು ಕೇಳಿದರು.

"ಗೊರಕಿಗೆ ನನಗೇನೂ ಆಗೂದಿಲ್ರಿ. ಅದು ನಿಂತಾಗ ಎಚ್ಚರ ಆಗತೈತಿ. ಉಸಿರೂ ನಿಂತಿರತೈತಿ. ಹೆಗಲು ಹಿಡದು ಅಲ್ಲಾಡಿಸ್ತೇನಿ, ಮತ್ತ ಚಾಲೂ ಆಗತೈತಿ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇದನ್ನವಳು ನನಗೆ ಹೇಳಿರಲಿಲ್ಲ. ಕಸ್ತೂರಿ ನೇಕಾರರ ಮನೆಯ ಮಗಳು. ಪಕ್ಕದ ಕೋಣೆಯಲ್ಲಿ ಮಗ್ಗ ಬಡಿದುಕೊಳ್ಳುತ್ತಿದ್ದರೆ ಆ ಮನೆಯವರಿಗೆ ಸುಖನಿದ್ದೆ. ಸದ್ದು ನಿಂತರೆ ಎಚ್ಚರ, ಯಾಕೆಂದರೆ ಎಳೆ ಹರಿದಿರುತ್ತದೆ. ಎದ್ದು ಹೋಗಿ ಗಂಟು ಹಾಕುತ್ತಿದ್ದವಳು ಇವಳೇ. ಆ ಕಿವಿಯನ್ನೇ ನನ್ನ ಮನೆಗೂ ತಂದಿದ್ದಳು.

ಮೈತುಂಬ ತಂತಿ ಹಚ್ಚಿ ಮಲಗಿಸಿ ನೋಡಿದರು. ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಳ್ಳುತ್ತದಂತೆ. ಗಾಳಿಯನ್ನು ಒತ್ತಿ ಅದನ್ನು ತೆರೆದಿಡುವ ಮಷೀನು ಕೊಟ್ಟರು; ಮೂಗಿಗೆ ಮಾಸ್ಕು, ಅದಕ್ಕೊಂದು ಉದ್ದನೆಯ ಕೊಳವೆ. ಕನ್ನಡಿ ನೋಡಿಕೊಂಡೆ. ಸೊಂಡಿಲಿದ್ದ ಗಣಪತಿಗೆ ಕಡುಬಾದರೂ ಸಿಗುತ್ತದೆ.

ಗೊರಕೆ ನಿಂತಿತು. ಅದರೊಂದಿಗೆ ಕಸ್ತೂರಿಯ ನಿದ್ದೆ ಪೂರ್ತಿ ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ, "ಮಷೀನ್ ಗಾಳಿ ಬಿಡಾಕತ್ತಿರತೈತಿ, ಆದರೂ ನಡುನಡುವ ನೀವು ಉಸಿರು ತಗೊಳ್ಳೂದಿಲ್ರಿ" ಅಂದಳು.

"ನಿಂದೊಂದು ಭ್ರಮಾ" ಅಂದೆ. ಅವಳು ಮಷೀನನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದಳು. ನಾನು ಹಿಂದೆ ಹೋದೆ.

ಮಷೀನಿನೊಳಗಿನ ದಾಖಲೆ ನೋಡಿ ಡಾಕ್ಟರು, "ಅಕ್ಕಾರು ಹೇಳೂದು ಖರೆ ಐತ್ರಿ" ಎಂದರು. ಅವರು ಬಿಡಿಸಿ ಹೇಳಿದ್ದಿಷ್ಟು. ನೆತ್ತರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಮೆದುಳು ಉಸಿರಾಡಿಸುತ್ತದೆ; ನಿದ್ದೆಯಲ್ಲಿ ಅದು ತೀರ ಇಳಿದರೆ ಮೆದುಳು ಸುಮ್ಮನಾಗುತ್ತದೆ. ಮುಚ್ಚಿದ ಗಂಟಲಿನ ಜೊತೆ ವರ್ಷಗಟ್ಟಲೆ ಗುದ್ದಾಡಿದ ನನ್ನ ಮೆದುಳು ಸಣ್ಣದಕ್ಕೂ ಗಾಬರಿಬಿದ್ದು ಜೋರಾಗಿ ಉಸಿರೆಳೆಸುತ್ತದೆ. ಈಗ ದಾರಿ ತೆರೆದೇ ಇರುವುದರಿಂದ ಆ ಅನಿಲ ಬೇಕಾದ್ದಕ್ಕಿಂತ ಹೆಚ್ಚು ಹೊರಬೀಳುತ್ತದೆ, ಉಸಿರು ಕೊಂಚ ಹೊತ್ತು ನಿಲ್ಲುತ್ತದೆ. ಹೊಸದಾಗಿ ಮಷೀನು ಹಚ್ಚಿಕೊಂಡ ಕೆಲವರಿಗೆ ಹೀಗಾಗುತ್ತದೆ.

"ಹಂಗಂತ ಬಿಡಬ್ಯಾಡ್ರಿ ಸರ. ಭಾಳ ಮಂದಿಗೆ ಕೆಲವು ವಾರದಾಗ ತಾನ ಸರಿ ಹೋಗತೈತಿ. ಹೋಗಲಿಲ್ಲಂದ್ರ ಬ್ಯಾರೆ ಮಷೀನ್ ಐತಿ. ಗಾಬರಿ ರೂಢಿ ಆದ ಮೆದುಳಿಗೆ ಆರಾಮ ರೂಢಿ ಆಗಾಕ ಟೈಮ್ ಬೇಕು."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಎಚ್ಚರವಿದ್ದೆ. ಕಸ್ತೂರಿ ಕಿಟಕಿಯ ಸರಳಿಗೆ ತಲೆ ಕೊಟ್ಟು ಮಲಗಿದ್ದಳು. ಬಸ್ಸು ಸ್ಟಾಪಿನಲ್ಲಿ ನಿಂತು ಇಂಜಿನ್ ಬಂದಾದಾಗಲೆಲ್ಲ ಬೆಚ್ಚಿ ಕಣ್ಣು ತೆರೆದು ನನ್ನ ಮುಖ ನೋಡುತ್ತಿದ್ದಳು. ಡಾಕ್ಟರು ಹೇಳಿದ ಆ ಗಾಬರಿಯ ರೂಢಿ ಅವಳಿಗೂ ಇತ್ತು, ಹಚ್ಚಿದವನು ನಾನು. ಭಾಳ ನಾಚಿಕೆಯಾಯಿತು.

ಆಮೇಲೆ ಒಂದು ದಿನವೂ ಮಾಸ್ಕು ತಪ್ಪಿಸಲಿಲ್ಲ. ಎರಡು ತಿಂಗಳಿಗೆ ನನ್ನ ದಾಖಲೆ ಚೊಕ್ಕವಾಯಿತು. ಕಸ್ತೂರಿ ಮಾತ್ರ ಏಳುತ್ತಲೇ ಇದ್ದಳು, ಮಾಸ್ಕಿನ ಬಳಿ ಕೈ ಹಿಡಿದು ನೋಡುತ್ತಲೇ ಇದ್ದಳು.

ಮೊನ್ನೆ ಬೆಳಿಗ್ಗೆ ಹಾಲಿನವನು ಮೂರು ಸಲ ಕೂಗಿದ. ಕಸ್ತೂರಿ ಏಳಲಿಲ್ಲ. ಗಾಬರಿಯಿಂದ ಬಗ್ಗಿ ನೋಡಿದೆ. ಉಸಿರು ನಿಧಾನವಾಗಿ, ಬಿಡುವಿಲ್ಲದೆ ಬಂದು ಹೋಗುತ್ತಿತ್ತು. ಹಾಲು ಇಸಿದುಕೊಂಡೆ, ಚಹಾ ಮಾಡಿದೆ, ಅದು ಆರಿ ಕೆನೆಗಟ್ಟುವವರೆಗೂ ಅವಳ ಪಕ್ಕದಲ್ಲಿ ಕೂತೆ. ಬಿಸಿಲು ಹೊಸ್ತಿಲಿಗೆ ಬಂದಾಗ ಎದ್ದು ಸಿಡುಕಿದಳು.

"ಇಷ್ಟೊತ್ತನಕ ಯಾಕ ಎಬ್ಬಸಲಿಲ್ರಿ?"

"ಇಷ್ಟು ವರ್ಷ ಎಬ್ಬಸೂದು ನಿನ್ನ ಕೆಲಸ ಇತ್ತು. ಇನ್ನ ಎಬ್ಬಸದಂಗ ಇರೂದು ನನ್ನ ಕೆಲಸ" ಎಂದೆ.

ಅವಳು ನನ್ನನ್ನೇ ನೋಡುತ್ತ ಆರಿದ ಚಹಾ ಒಂದು ಗುಟುಕು ಕುಡಿದಳು. "ಹಂಗಾದ್ರ ಮೊದಲ ಸಕ್ಕರಿ ಹಾಕೂದು ಕಲೀರಿ" ಅಂದಳು.