ಡೊರೊತಿಯವರ ವಿರುದ್ಧ ನಾನು ಅಂದ ‘ಸೆಕೆಂಡ್’

ಆ ಸಂಜೆ ಆ ಕೋಣೆಯಲ್ಲಿ ಇದ್ದವರು ಏಳೇ ಜನ. ನಮ್ಮೂರ ಶಾಲೆಗಳನ್ನು ನಡೆಸುವ ಮಂಡಳಿಯ ಐವರು ಸದಸ್ಯರು, ಸೂಪರಿಂಟೆಂಡೆಂಟರು, ಮತ್ತು ಅವರ ಕಾರ್ಯದರ್ಶಿ ಡೊರೊತಿ. ಬಾಗಿಲು ಮುಚ್ಚಿತ್ತು. ಅಲ್ಲಿ ಆಡಿದ ಮಾತು ಹೊರಗೆ ಹೋಯಿತು. ಅದನ್ನು ಹೊತ್ತುಕೊಂಡು ಹೋದವಳು ನಾನು, ಶಿಕ್ಷೆ ಆದದ್ದು ಡೊರೊತಿಯವರಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ನನಗೆ ಕಥೆ ಹೇಳುವ ಚಟ ಇದೆ, ಸುತ್ತಿ ಬಳಸಿ ಹೊರಟರೆ ಕೊನೆಗೆ ನನ್ನನ್ನೇ ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಟ್ಟೇನು.

ಎಂಬತ್ತರ ದಶಕದ ಶುರುವಿನ ಮಾತು. ಬರ್ಕ್ಲಿಯಿಂದ ಲಿವರ್‌ಮೋರ್ ಕಡೆಗೆ ಹೋಗುವಾಗ ಫ್ರೀವೇ ಹೆದ್ದಾರಿಯ ಪಕ್ಕದಲ್ಲಿ ಸಿಗುವ ಪುಟ್ಟ ಊರು ನಮ್ಮದು. ಈ ದೇಶದಲ್ಲಿ ಊರಿನ ಶಾಲೆಗಳನ್ನು ಊರಿನವರೇ ನಡೆಸುತ್ತಾರೆ. ನೆರೆಹೊರೆಯವರು ಓಟು ಹಾಕಿ ಐದು ಜನರನ್ನು ಆರಿಸುತ್ತಾರೆ. ಆ ಐವರು ಆಡಳಿತ ನೋಡಿಕೊಳ್ಳಲು ಸೂಪರಿಂಟೆಂಡೆಂಟರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ನಮ್ಮದು ಮೂರೇ ಶಾಲೆಗಳ ಆಡಳಿತ. ಸಭೆ ನಡೆಯುತ್ತಿದ್ದದ್ದು ಶಾಲೆಯ ಲೈಬ್ರರಿಯಲ್ಲಿ, ಮಕ್ಕಳು ಕೂರುವ ಗಿಡ್ಡ ಮೇಜುಗಳ ಸುತ್ತ. ಒಬ್ಬ ಸದಸ್ಯರು ಊರು ಬಿಟ್ಟು ಹೋದಾಗ, ಶಾಲೆಯ ಪೋಷಕರ ಸಂಘ ಪಿ.ಟಿ.ಎ.ಯಲ್ಲಿ ಓಡಾಡಿಕೊಂಡಿದ್ದ ನನ್ನನ್ನು ಉಳಿದ ಅವಧಿಗೆ ನೇಮಿಸಿದರು. ಮೈಸೂರಿನಲ್ಲಿ ಅಜ್ಜಿಯ ಮಡಿಲಲ್ಲಿ ಕನ್ನಡ ಕಲಿತ ವಿಶಾಲಾಕ್ಷಿ, ಸೀರೆ ಉಟ್ಟುಕೊಂಡು, ಮೈಕಿನ ಮುಂದೆ!

ಮೊದಲ ಸಭೆಯ ದಿನ ಡೊರೊತಿ ನನ್ನನ್ನು ಒಂದು ಗಂಟೆ ಮುಂಚೆಯೇ ಬರಹೇಳಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು; ಬಿಳಿಗೂದಲು, ಸರಪಳಿಗೆ ತೂಗುಹಾಕಿದ ಕನ್ನಡಕ. ಖಾಲಿ ಲೈಬ್ರರಿಯಲ್ಲಿ ನನ್ನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ತಾವು ಉಳಿದ ನಾಲ್ವರ ಕುರ್ಚಿಗಳಲ್ಲಿ ಒಂದೊಂದಾಗಿ ಕೂತು, ಅವರ ದನಿಗಳಲ್ಲಿ ಮಾತಾಡಿ ಇಡೀ ಸಭೆಯನ್ನೇ ಆಡಿ ತೋರಿಸಿದರು.

“ಒಬ್ಬರು ಒಂದು ಠರಾವು ಮುಂದಿಡುತ್ತಾರೆ. ಇನ್ನೊಬ್ಬರು ಅದನ್ನು ಅನುಮೋದಿಸಿ ‘ಸೆಕೆಂಡ್’ ಅನ್ನಬೇಕು. ಯಾರೂ ಅನ್ನದಿದ್ದರೆ ಆ ಠರಾವು ಅಲ್ಲೇ ಸತ್ತುಹೋಗುತ್ತೆ. ಅದಕ್ಕೇ ಆ ಪದವನ್ನು ಸುಮ್ಮಸುಮ್ಮನೆ ಖರ್ಚು ಮಾಡಬೇಡ.”

ಹಾಜರಿ ಕೂಗುವಾಗ ಉಳಿದವರಿಗೆಲ್ಲ ನಾನು ‘ವಿಶ್’. ಡೊರೊತಿ ಮಾತ್ರ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದರು — “ವಿ-ಶಾ-ಲಾ-ಕ್ಷೀ” ಎಂದು ಪೂರ್ತಿಯಾಗಿ ಕೂಗಿದರು. ಈ ದೇಶದಲ್ಲಿ ಬೇರೆಯವರ ಬಾಯಲ್ಲಿ ನನ್ನ ಹೆಸರು ನಾನು ಪೂರ್ತಿ ಕೇಳಿದ್ದು ಅದೇ ಮೊದಲು. ಇಂಥವರಿಗೆ ನಾನು…

ಇರಲಿ. ಹೇಳುತ್ತೇನೆ.

ಶಾಲೆಗೆ ಹಣ ಬರುತ್ತಿದ್ದ ಮನೆ ತೆರಿಗೆ ಇಳಿದ ಮೇಲೆ ಶಾಲೆಗಳ ಕೈ ಬಿಗಿಯಾಗಿತ್ತು, ಮಕ್ಕಳ ಸಂಖ್ಯೆಯೂ ಇಳಿಯುತ್ತಿತ್ತು. ಬೆಟ್ಟದ ಕಡೆಯ ಶಾಲೆಯ ಕಟ್ಟಡವನ್ನು ಬಾಡಿಗೆಗೆ ಕೇಳಿ ಒಂದು ಕಂಪನಿ ಬಂದಿತ್ತು. ಬಾಡಿಗೆಯ ಮಾತುಕತೆ ಮುಗಿಯುವ ತನಕ ಅದು ಗುಟ್ಟು. ಅದಕ್ಕೇ ಆ ಮುಚ್ಚಿದ ಬಾಗಿಲಿನ ಸಭೆ. ಮಾತು ಕುದುರಿದರೆ ಆ ಶಾಲೆ ಮುಚ್ಚುತ್ತದೆ ಎಂದು ನಮ್ಮ ಏಳು ಜನರಿಗೆ ಮಾತ್ರ ಗೊತ್ತಾಯಿತು.

ಎರಡು ದಿನ ಕಳೆದು ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆ. ಆಗ ನಮ್ಮ ಕಡೆ ಕನ್ನಡದ ಮನೆಗಳೇ ಬೆರಳೆಣಿಕೆ. ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಉಡುಪಿಯ ಪ್ರಮೀಳಾ ಕೊನೆಯವಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅವಳ ಮಗಳು ನಂದಿತಾಗೆ ಎಂಟು ವರ್ಷ, ಆ ಬೆಟ್ಟದ ಶಾಲೆಯಲ್ಲೇ ಓದುತ್ತಿದ್ದಳು. ಆ ವರ್ಷ ಶಾಲೆ ಆಗಲೇ ಶುರುವಾಗಿತ್ತು.

“ಅಕ್ಕ, ಮನೆ ಸಿಕ್ಕಿತು ಮಾರಾಯ್ರೆ! ಶಾಲೆಗೆ ನಡ್ಕೊಂಡು ಹೋಗ್ಬಹುದು. ನಾಡಿದ್ದು ಸೈನ್ ಹಾಕುದು,” ಅಂದಳು.

ನನ್ನ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ನಿಂತಿತು.

“ಎಂತ ಅಕ್ಕ, ಮುಖ ಹೀಗೆ ಮಾಡಿದ್ರಿ? ಮನೆಗೆ ವಾಸ್ತು ಸರಿ ಇಲ್ವಾ?”

“ವಾಸ್ತು ಅಲ್ಲ ಕಣೇ… ಸ್ವಲ್ಪ ತಡಿ. ಆ ಶಾಲೆ ಇನ್ನೊಂದು ವರ್ಷ ಇರುತ್ತೋ ಇಲ್ವೋ. ನಾನು ಹೇಳಿದೆ ಅಂತ ಎಲ್ಲೂ ಅನ್ನಬೇಡ.”

ಅಷ್ಟೇ. ನಮ್ಮವರಿಗೆ ಹೇಳಿದರೆ ಹೊರಗೆ ಹೇಳಿದ ಹಾಗಲ್ಲ ಎಂಬುದು ನಾನು ಬೆಳೆದು ಬಂದ ರೀತಿ. ಜೊತೆಗೆ, ಅದನ್ನು ನಾನು ಹೇಳಿದ್ದು ಕನ್ನಡದಲ್ಲಿ. ಆ ಊರಿನಲ್ಲಿ ಕನ್ನಡ ಅಂದರೆ ನನಗೆ ಅಗುಳಿ ಹಾಕಿದ ಕೋಣೆ ಇದ್ದ ಹಾಗೆ — ಸಾಲು ನಿಂತ ಅಂಗಡಿಯಲ್ಲಿ, ಪಕ್ಕದವರ ಎದುರಿಗೇ, ಏನು ಬೇಕಾದರೂ ಆಡಿಕೊಳ್ಳಬಹುದಿತ್ತು. ದೇವರ ಮುಂದೆ ಕೂತು ಕೋಸಂಬರಿ ತಿನ್ನುತ್ತಿದ್ದ ನಂದಿತಾಳನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವಳನ್ನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಕನ್ನಡ ಮಾತಾಡದ ಮಗುವಿಗೆ ಕನ್ನಡ ಅರ್ಥವೂ ಆಗುವುದಿಲ್ಲ ಎಂದುಕೊಂಡಿದ್ದೆ — ನನ್ನ ಮಕ್ಕಳೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾ ಎಲ್ಲ ಅರ್ಥ ಮಾಡಿಕೊಳ್ಳುತ್ತಿದ್ದರಲ್ಲ, ನನಗೆ ಗೊತ್ತಿರಬೇಕಿತ್ತು.

ಸೋಮವಾರ ಶಾಲೆಯಲ್ಲಿ ಮಧ್ಯಾಹ್ನದ ಊಟದ ಮೇಜಿನಲ್ಲಿ ಅವಳು ಅಳುತ್ತಾ ಗೆಳತಿಯರಿಗೆ ಹೇಳಿದಳು, ನಮ್ಮ ಶಾಲೆ ಮುಚ್ಚುತ್ತಾರಂತೆ ಎಂದು. ಅದೇ ಮೇಜಿನಲ್ಲಿ ಡೊರೊತಿಯವರ ಮೊಮ್ಮಗ ಕೂತಿದ್ದ. ಅವನು ಅಮ್ಮನಿಗೆ ಹೇಳಿದ. ಆಕೆ ಸಿಟ್ಟಿನಿಂದ ನೇರ ಸೂಪರಿಂಟೆಂಡೆಂಟರಿಗೇ ಫೋನು ಮಾಡಿದಳು. ಹೀಗೆ, ಸುದ್ದಿ ಹೊರಬಿದ್ದಿದೆ ಎಂದು ಅವರಿಗೆ ಮೊದಲು ತಿಳಿದದ್ದು ಡೊರೊತಿಯವರ ಸ್ವಂತ ಮಗಳ ಬಾಯಿಂದ! ಇನ್ನು ಹುಡುಕುವುದೇನಿತ್ತು? ಹುಡುಗ “ಊಟದ ಮೇಜಿನಲ್ಲಿ ಕೇಳಿದೆ” ಅಂದದ್ದನ್ನು ಯಾರೂ ನಂಬಲಿಲ್ಲ.

ಆ ಸಂಜೆ ಪ್ರಮೀಳಾ ಫೋನು ಮಾಡಿದಳು. “ಅಕ್ಕ, ಇವಳು ಶಾಲೆಯಲ್ಲಿ ಬಾಯಿಬಿಟ್ಟಿದ್ದಾಳೆ. ಎಂತ ಮಾಡುದು ಈಗ?”

“ಸುಮ್ಮನಿರು,” ಅಂದೆ. ಎಂಟು ವರ್ಷದ ಕೂಸು ಬಿಕ್ಕುವುದು ಫೋನಿನಲ್ಲಿ ಕೇಳಿಸುತ್ತಿತ್ತು.

ಮುಂದಿನ ಸಭೆಗೆ ಲೈಬ್ರರಿ ಸಾಲದೆ ಜನ ಹೊರಗೆ ಹುಲ್ಲಿನ ಮೇಲೆಲ್ಲಾ ನಿಂತಿದ್ದರು. ಕಂಪನಿ ಹಿಂದೆ ಸರಿಯಿತು. ಅದಾದ ಮೇಲೆ ಸೂಪರಿಂಟೆಂಡೆಂಟರು ಡೊರೊತಿಯವರನ್ನು ಶಾಲಾ ಬಸ್ಸುಗಳ ಶೆಡ್ಡಿಗೆ ವರ್ಗ ಮಾಡುವ ಠರಾವು ತಂದರು. ಕಾರಣ ಏನೂ ಬರೆದಿರಲಿಲ್ಲ. ಒಬ್ಬ ಸದಸ್ಯರು ಅದನ್ನು ಮುಂದಿಟ್ಟರು. ಆಮೇಲೆ ಯಾರೂ ಮಾತಾಡಲಿಲ್ಲ. ಎಲ್ಲರಿಗೂ ಡೊರೊತಿಯನ್ನು ಕಂಡರೆ ಪ್ರೀತಿ. ಎಲ್ಲರೂ ಮೇಜು ನೋಡುತ್ತಿದ್ದರು. ಡೊರೊತಿ ಅಲ್ಲೇ ಪಕ್ಕದಲ್ಲಿ ಕೂತು, ತಮ್ಮದೇ ವರ್ಗಾವಣೆಯ ನಡಾವಳಿ ಬರೆದುಕೊಳ್ಳಲು ಪೆನ್ನು ಎತ್ತಿ ಹಿಡಿದಿದ್ದರು. ಇನ್ನೊಂದು ಕ್ಷಣ ಸುಮ್ಮನಿದ್ದಿದ್ದರೆ ಆ ಠರಾವು ಅಲ್ಲೇ ಸತ್ತುಹೋಗುತ್ತಿತ್ತು. ಆದರೆ ಆ ಮೌನ ಹೀಗೇ ಮುಂದುವರಿದರೆ ಯಾರಾದರೂ ‘ಅವರಲ್ಲದಿದ್ದರೆ ಮತ್ಯಾರು’ ಎಂದು ಕೇಳಿಬಿಡುತ್ತಾರೆ ಎಂದು ನನಗೆ —

“ಸೆಕೆಂಡ್,” ಅಂದೆ ನಾನು.

ಡೊರೊತಿ ತಲೆ ಎತ್ತಲಿಲ್ಲ. ನನ್ನ ಹೆಸರನ್ನು ಪೂರ್ತಿಯಾಗಿ ಬರೆದುಕೊಂಡರು.

ನಮ್ಮವರಲ್ಲಿ ಮೊದಲು ಆ ಕುರ್ಚಿಯಲ್ಲಿ ಕೂತವಳು ನಾನು, ನಾನು ಬಿದ್ದರೆ ಎಲ್ಲರ ಮರ್ಯಾದೆ ಹೋಗುತ್ತದೆ ಎಂದು ಆಗ ನನಗೇ ಹೇಳಿಕೊಂಡೆ. ಎಲ್ಲರ ಹೆಸರನ್ನು ಯಾಕೆ ಎಳೆಯಬೇಕು? ಹೆದರಿದವಳು ನಾನೊಬ್ಬಳೇ.

ಮತ್ತೆ ಆ ಶಾಲೆಯೋ — ಉಳಿಯಿತು! ಜನರ ಗಲಾಟೆಗೆ ಮಂಡಳಿ ಬೇರೆ ದಾರಿ ಹುಡುಕಿತು. ಆಡಳಿತದ ಕಚೇರಿಯನ್ನೇ ಬಾಡಿಗೆಗೆ ಕೊಟ್ಟು, ಸೂಪರಿಂಟೆಂಡೆಂಟರು ಬೆಟ್ಟದ ಶಾಲೆಯ ಎರಡು ಖಾಲಿ ಕ್ಲಾಸ್‌ರೂಮುಗಳಿಗೆ ಬಂದರು. ಆರಡಿ ಮೀರಿದ ಮನುಷ್ಯ, ಮಕ್ಕಳ ಎತ್ತರದ ಸಿಂಕಿನಲ್ಲಿ ಬಗ್ಗಿ ಕೈ ತೊಳೆಯುತ್ತಿದ್ದರು. ಪ್ರಮೀಳಾ ಆ ಮನೆಯನ್ನೇ ಕೊಂಡಳು. ಗ್ರೋಸರಿ ಅಂಗಡಿಯಲ್ಲಿ ತಾಯಂದಿರು ಡೊರೊತಿಯವರ ಹತ್ತಿರ ಬಂದು, ಕಿವಿಯಲ್ಲಿ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರಂತೆ. ತಾವು ಮಾಡದ ಕೆಲಸಕ್ಕೆ ಶಿಕ್ಷೆಯೂ ಆಗಿ, ಆಮೇಲೆ ಹೊಗಳಿಕೆಯನ್ನೂ ಹೊರಬೇಕಾದದ್ದು — ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ನನಗೆ ಹೇಳಿದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ವರ್ಷಗಳು ಹೋದವು. ಡೊರೊತಿ ಬಸ್ಸುಗಳನ್ನೂ ಅಚ್ಚುಕಟ್ಟಾಗಿ ನಡೆಸಿದರು. ದಾರಿಯಲ್ಲಿ ಸಿಕ್ಕರೆ ನನ್ನ ಹೆಸರನ್ನು ಹಿಂದಿನಂತೆಯೇ ಪೂರ್ತಿ ಕರೆಯುತ್ತಿದ್ದರು. ನಾನು ದೀಪಾವಳಿಗೆ ಕೋಡುಬಳೆ ಕೊಡುತ್ತಿದ್ದೆ; ಡಬ್ಬಿ ಖಾಲಿ ಬರುತ್ತಿತ್ತು. “ನಮ್ಮಲ್ಲಿ ಡಬ್ಬಿ ಖಾಲಿ ವಾಪಸ್ ಕೊಡಬಾರದು,” ಎಂದು ಒಮ್ಮೆ ತಮಾಷೆ ಮಾಡಿದ್ದೆ. “ಹಾಗಾದರೆ ಇಟ್ಟುಕೊಂಡುಬಿಡುತ್ತೇನೆ, ನನಗೆ ಅಡಿಗೆ ಬರೋಲ್ಲ,” ಅಂದಿದ್ದರು.

ನನ್ನ ಅವಧಿ ಮುಗಿದು, ಅವರೂ ಸೊಂಟದ ನೋವಿನಿಂದ ನಿವೃತ್ತರಾದರು. ಆ ದಶಕ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಕೋಡುಬಳೆಯ ಡಬ್ಬಿ ಹಿಡಿದು ಹೋಗಿ, ಅವರ ಅಡಿಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಪೂಜೆ, ಪ್ರಮೀಳಾ, ನಂದಿತಾ, ಸೆಕೆಂಡ್ — ಎಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಒಲೆ ಆರಿಸಿದರು.

“ನನ್ನ ಮಗಳು ನನ್ನ ಚೀಲ ತೆಗೆದು ಟಿಪ್ಪಣಿ ನೋಡಿದ್ದಾಳೆ ಅಂದುಕೊಂಡಿದ್ದೆ,” ಅಂದರು. “ಇಲ್ಲ ಅಂತ ಆಣೆ ಮಾಡಿದಳು. ನಾನು ನಂಬಲಿಲ್ಲ. ಅವತ್ತಿನಿಂದ ಅವಳ ಮನೆಯಲ್ಲಿ ನಾನು ಊಟ ಮಾಡಿಲ್ಲ.”

ನಾನು ಕಸಿದುಕೊಂಡದ್ದು ಕುರ್ಚಿ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಮಗಳನ್ನೇ —

ಮತ್ತೆ ಕುರ್ಚಿಗೆ ಬಂದು ಕೂತು ಡೊರೊತಿ ಅಂದರು, “ನನಗೆ ಹೇಳಿದ್ದು ಸರಿ. ಸೆಕೆಂಡ್ ಅಂದೆಯಲ್ಲ, ಅಲ್ಲಿಯೂ ಹೋಗಿ ಹೇಳು.”

ಹೋದೆ. ಹೊಸ ಮಂಡಳಿ, ಹಳಬರು ಯಾರೂ ಇರಲಿಲ್ಲ. ಊರಿನವರಿಗೆ ಮಾತಾಡಲು ಮೂರು ನಿಮಿಷ ಕೊಡುತ್ತಾರೆ. ಸಮಯ ನೋಡಲು ಡೊರೊತಿ ಎಂದೋ ಮನೆಯಿಂದ ತಂದಿಟ್ಟಿದ್ದ ಟೊಮೆಟೊ ಆಕಾರದ ಅಡಿಗೆಮನೆಯ ಟೈಮರು ಇನ್ನೂ ಅಲ್ಲೇ ಇತ್ತು. ಹಿಂದಿನ ಸಾಲಿನಲ್ಲಿ ಡೊರೊತಿ, ಅವರ ಪಕ್ಕದಲ್ಲಿ ಮಗಳು. ನಡುವೆ ಒಂದು ಕುರ್ಚಿ ಖಾಲಿ.

ಕಾಗದ ಇಲ್ಲದೆ ಹೇಳಿದೆ. ನನ್ನ ತಪ್ಪಿಗೆ ಇನ್ನೊಬ್ಬರನ್ನು ಬಸ್ಸಿನ ಶೆಡ್ಡಿಗೆ ಕಳಿಸಿದ ಆ ಠರಾವು ತಪ್ಪು. ಡೊರೊತಿ ಯಾವ ಗುಟ್ಟನ್ನೂ ಬಿಟ್ಟುಕೊಡಲಿಲ್ಲ ಎಂದು ಇಂದಿನ ನಡಾವಳಿಯಲ್ಲಿ ಬರೆಯಿರಿ ಎಂದೆ. ಕ್ಷಮೆ ಕೇಳುವಷ್ಟರಲ್ಲಿ ಟೊಮೆಟೊ ಟ್ರಿಣ್ ಅಂದಿತು.

ಅಧ್ಯಕ್ಷೆ ಚಿಕ್ಕ ವಯಸ್ಸಿನವಳು. “ಥ್ಯಾಂಕ್ಯೂ, ಮುಂದಿನ ವಿಷಯ…” ಎಂದು ಹೊರಟಳು.

“ಸೆಕೆಂಡ್!” ಹಿಂದಿನ ಸಾಲಿನಿಂದ ಡೊರೊತಿ ಕೈ ಎತ್ತಿದ್ದರು.

“ಕ್ಷಮಿಸಿ ಮ್ಯಾಮ್, ಸಭಿಕರು ಸೆಕೆಂಡ್ ಮಾಡುವ ಹಾಗಿಲ್ಲ.”

“ಗೊತ್ತಮ್ಮಾ. ಆ ನಿಯಮ ಅವಳಿಗೆ ಕಲಿಸಿದ್ದೇ ನಾನು.”

ಲೈಬ್ರರಿ ತುಂಬಾ ನಗು. ನನಗೆ ಮಾತ್ರ ನಗಲಾಗಲಿಲ್ಲ, ನಿಂತಲ್ಲೇ ಕೈ ಮುಗಿದೆ. ಸಭೆ ಬಸ್ಸಿನ ಟೈರುಗಳ ವಿಷಯಕ್ಕೆ ಹೋಯಿತು.

ಅದರ ಮುಂದಿನ ಭಾನುವಾರ ಡೊರೊತಿ ಮಗಳ ಮನೆಗೆ ಊಟಕ್ಕೆ ಹೋದರು. ನನ್ನನ್ನು ಕರೆದಿರಲಿಲ್ಲ, ಕರೆಯಬೇಕಾದದ್ದೂ ಅಲ್ಲ. ಸೋಮವಾರ ಬೆಳಿಗ್ಗೆ ಆ ಮಗಳು ನಮ್ಮ ಬಾಗಿಲಿಗೆ ಬಂದು, ನಾನು ಡೊರೊತಿಯವರ ಮನೆಯಲ್ಲಿ ಬಿಟ್ಟು ಬಂದಿದ್ದ ಕೋಡುಬಳೆಯ ಡಬ್ಬಿಯನ್ನು ಕೈಗಿತ್ತಳು. ಒಳಗೆ ಬರಲಿಲ್ಲ. ಡಬ್ಬಿ ಭಾರವಾಗಿತ್ತು. ಮುಚ್ಚಳ ತೆಗೆದರೆ ಡೊರೊತಿಯವರ ಹಿತ್ತಲಿನ ನಿಂಬೆಹಣ್ಣುಗಳು, ಎಲೆ ಸಮೇತ.