ಜಯಾ ಆರಿಸಿದ ಗಾಡಿ

ಜಯಾ ಕತ್ತೆ ಸಾಕುತ್ತಾಳೆ ಎಂಬ ಸುದ್ದಿ ಲಂಡನ್ನಿನ ಕಿಂಗ್ಸ್‌ಬರಿ, ಕ್ವೀನ್ಸ್‌ಬರಿಯ ಕನ್ನಡದ ಮನೆಗಳಲ್ಲಿ ಹಬ್ಬಿದಾಗ ನಗದೆ ಉಳಿದವರು ಕಡಿಮೆ. ಓದದಿದ್ದರೆ ಕತ್ತೆ ಕಾಯೋಕೆ ಹೋಗು ಎಂದು ಬೈಸಿಕೊಂಡೇ ಬೆಳೆದವರು ಅವರೆಲ್ಲ. ವರ್ಷಗಟ್ಟಲೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ರಕ್ತದ ಸ್ಲೈಡು ನೋಡಿದವಳು, ಪಿನ್ನರ್‌ನಲ್ಲಿ ಮನೆ ಇರುವವಳು, ಮೂಳೆ ಡಾಕ್ಟರ ಹೆಂಡತಿ, ರಿಟೈರ್ ಆದಮೇಲೆ ನಿಜವಾಗಿಯೂ ಕತ್ತೆ ಕಾಯಲು ಹೋದಳಲ್ಲ ಎಂಬುದು ಅವರಿಗೆ ತಮಾಷೆ. ಅವಳ ಗಂಡ ಶ್ರೀರಂಗನೇ ಆ ಮಾತನ್ನು ಎಲ್ಲರಿಗಿಂತ ಮೊದಲು ಆಡಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಹೇರ್‌ಫೀಲ್ಡ್‌ನ ಆಚೆ, ಲಂಡನ್ ಮುಗಿಯಿತೋ ಇಲ್ಲವೋ ಗೊತ್ತಾಗದಂಥ ಕಡೆ, ಇಳಿಜಾರಿನ ಒಂದು ಹುಲ್ಲುಗಾವಲನ್ನು ಅವಳು ತನ್ನ ಪೆನ್ಷನ್ನಿನಲ್ಲಿ ಲೀಸಿಗೆ ಹಿಡಿದಿದ್ದಳು. ಯಾರಿಗೂ ಬೇಡವಾದ ಕತ್ತೆಗಳನ್ನು ಸಾಕಿ, ನಂಬಿಕಸ್ಥರ ಮನೆಗೆ ಕೊಡುವ ಸಂಸ್ಥೆಯೊಂದರಿಂದ ಎರಡು ಮುದಿ ಹೆಣ್ಣು ಕತ್ತೆಗಳು ಬಂದವು. ಒಂಟಿಯಾಗಿ ಕೊಡುವುದಿಲ್ಲ, ಇವು ಜೋಡಿ, ಒಂದನ್ನು ಬಿಟ್ಟು ಇನ್ನೊಂದು ಇರುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಲಾರಿಯಿಂದ ಇಳಿದ ಅವೆರಡೂ ತಲೆಗೆ ತಲೆ ಹಚ್ಚಿ ನಿಂತದ್ದನ್ನು ನೋಡಿದಾಗ ಜಯಾಗೆ ಧಾರವಾಡದ ತನ್ನ ಓಣಿಯ ಇಬ್ಬರು ಹೆಂಗಸರು ನೆನಪಾದರು. ನಲ್ಲಿಕಟ್ಟೆಯ ಹತ್ತಿರ ಕೊಡ ಕೆಳಗಿಟ್ಟು, ಹೊತ್ತು ಮುಳುಗುವ ತನಕ ಹೀಗೇ ಮಾತಾಡುತ್ತ ನಿಲ್ಲುತ್ತಿದ್ದರು. ಆ ಹೆಸರುಗಳನ್ನೇ ಇಟ್ಟಳು: ಕಾಶವ್ವ, ಚಂದ್ರವ್ವ.

ಬೇಸಿಗೆಯಲ್ಲಿ ಎಲ್ಲ ಸುಖವಾಗಿತ್ತು. ಕಷ್ಟ ಶುರುವಾದದ್ದು ಮಳೆ ಹಿಡಿದ ಮೇಲೆ. ಆ ಕಡೆಯದು ಜೇಡಿಮಣ್ಣು. ನವೆಂಬರಿನಿಂದ ಮಾರ್ಚಿನವರೆಗೆ ಕಾಲಿಟ್ಟರೆ ಬೂಟು ಬಿಟ್ಟು ಕಾಲು ಮಾತ್ರ ಮೇಲೆ ಬರುತ್ತದೆ. ನಲ್ಲಿ ಇದ್ದದ್ದು ಕೆಳಗೆ ಗೇಟಿನ ಬಳಿ, ಕತ್ತೆಗಳ ಕೊಟ್ಟಿಗೆ ಮೇಲೆ ದಿಬ್ಬದಲ್ಲಿ. ನೀರು, ಒಣಹುಲ್ಲಿನ ಪಿಂಡಿ ಎಲ್ಲವನ್ನೂ ಒಂಟಿ ಗಾಲಿಯ ಕೈಗಾಡಿಯಲ್ಲಿ ತಳ್ಳಿಕೊಂಡು ಹತ್ತಬೇಕು, ಲದ್ದಿಯನ್ನು ಇಳಿಸಬೇಕು. ಎರಡನೆಯ ಚಳಿಗಾಲಕ್ಕೆ ಜಯಾಳ ಬಲಭುಜ ಮೇಲೇಳದಾಯಿತು. ಮೂಳೆ ಡಾಕ್ಟರಾದ ಗಂಡ ಅಡುಗೆಮನೆಯಲ್ಲೇ ಅವಳ ತೋಳು ತಿರುಗಿಸಿ ನೋಡಿ, "ಕತ್ತೆಗಳ್ನ ವಾಪಸ್ ಕಳಿಸು, ಭುಜ ತಾನೇ ಸರಿಹೋಗತ್ತೆ" ಎಂದ.

ಅವಳು ಕಳಿಸಲಿಲ್ಲ. ಕ್ವಾಡ್ ಬೈಕ್ ಕೊಳ್ಳುವುದೆಂದು ತೀರ್ಮಾನಿಸಿದಳು. ನಾಲ್ಕು ದಪ್ಪ ಗಾಲಿಯ, ಬೈಕಿನಂತೆ ಹ್ಯಾಂಡಲ್ ಇರುವ ಆ ಗಾಡಿಗಳಲ್ಲಿ ಸುತ್ತಲಿನ ರೈತರು ಕುರಿ ಕಾಯುವುದನ್ನು ಅವಳು ದಿನವೂ ನೋಡುತ್ತಿದ್ದಳು. ಕೆಲಸಕ್ಕೆ ಬೇಕು ಎಂಬುದು ನಿಜ. ಆದರೆ ಇನ್ನೊಂದು ಆಸೆಯೂ ಇತ್ತು, ಅದನ್ನು ಅವಳು ಹೇಳಿದ್ದು ಕಿಂಗ್ಸ್‌ಬರಿಯ ಗೆಳತಿ ಶೋಭಾಗೆ ಮಾತ್ರ. ಲಂಡನ್ ದಾಟಿದರೆ ಚಿಲ್ಟರ್ನ್ ಗುಡ್ಡಗಳಲ್ಲಿ ಹಳೆಯ ಮಣ್ಣಿನ ದಾರಿಗಳಿವೆ. ಅವುಗಳಲ್ಲಿ ಕೆಲವಕ್ಕೆ ನಂಬರ್ ಪ್ಲೇಟ್ ಇರುವ ಗಾಡಿಗಳನ್ನೂ ಬಿಡುತ್ತಾರೆ. ಬೀಚ್ ಎಂಬ ಎತ್ತರದ ಕಾಡುಮರಗಳ ನಡುವೆ ಅಂಥ ದಾರಿಯಲ್ಲಿ ಒಬ್ಬಳೇ ಹೋಗಬೇಕು.

"ಕಾಲೇಜಿನಾಗ ಇದ್ದಾಗ ಅಣ್ಣನ ಮೋಟರ್‌ಸೈಕಲ್ ಒಂದ್ಸಲ ತಗೊಂಡು ಹೋಗಿದ್ದೆ ನೋಡು," ಎಂದಿದ್ದಳು ಶೋಭಾಗೆ. "ಕೆಲಗೇರಿ ಕೆರಿ ತನಕ. ಅಪ್ಪಾ ನೋಡಿಬಿಟ್ರು. ಮರುದಿನಾನೇ ಜಾತಕಾ ಹೊರಗ ಬಂತು."

ಒಂದೇ ಗಾಡಿ ಎರಡಕ್ಕೂ ಆಗಬೇಕೆಂದರೆ ಆರಿಸುವುದು ಸುಲಭವಲ್ಲ. ಆ ಚಳಿಗಾಲ ಪೂರ್ತಿ ಅವಳು ಅದನ್ನೇ ಓದಿದಳು, ರೈತರನ್ನು ನಿಲ್ಲಿಸಿ ಕೇಳಿದಳು. ಹಿಂದಿನ ಎರಡು ಗಾಲಿಗೆ ಒಂದೇ ಗಟ್ಟಿ ಅಚ್ಚು ಇದ್ದರೆ ಭಾರ ಎಳೆಯಲು ಒಳ್ಳೆಯದು, ಆದರೆ ಕಲ್ಲುದಾರಿಯಲ್ಲಿ ಬೆನ್ನು ಮುರಿಯುತ್ತದೆ. ಗಾಲಿಗಳು ಬೇರೆಬೇರೆಯಾಗಿ ಏರಿಳಿದರೆ ಸವಾರಿ ಮೆತ್ತಗೆ. ಭುಜ ಕೆಟ್ಟಿರುವುದರಿಂದ ಪವರ್ ಸ್ಟೀರಿಂಗ್ ಬೇಕೇಬೇಕು. ತುಂಬಿದ ಟ್ರೇಲರ್ ಹಿಂದೆ ಕಟ್ಟಿಕೊಂಡು ಇಳಿಜಾರು ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಿಸಬೇಕು. ಬರೀ ಹೊಲಗೆಲಸದ ಗಾಡಿ ಎಂದು ನೋಂದಾಯಿಸಿದರೆ ಗುಡ್ಡದ ಸವಾರಿಗೆ ಒಯ್ಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಹಗುರಾಗಿರಬೇಕು; ಆ ಜೇಡಿಮಣ್ಣಿನಲ್ಲಿ ಭಾರದ ಗಾಡಿ ಗೇಟು ದಾಟುವುದರೊಳಗೆ ಹುಗಿದುಹೋಗುತ್ತದೆ.

ಹರ್ಟ್‌ಫರ್ಡ್‌ಷೈರಿನ ಅಂಗಡಿಗೆ ಗಂಡಹೆಂಡಿರು ಒಟ್ಟಿಗೆ ಹೋದರು. ಮಾರುವವನು ಕೈ ಕುಲುಕಿದ್ದು ಶ್ರೀರಂಗನದು. ಯಾವ ಕೆಲಸಕ್ಕೆ, ಎಂಥ ನೆಲ, ಎಷ್ಟು ಇಳಿಜಾರು ಎಂದು ಅವನು ಕೇಳಿದ್ದೂ ಶ್ರೀರಂಗನನ್ನು; ಉತ್ತರಿಸಿದವಳು ಜಯಾ; ಆ ಉತ್ತರಕ್ಕೆ ಅವನು ತಲೆದೂಗಿದ್ದು ಮತ್ತೆ ಶ್ರೀರಂಗನ ಕಡೆ ನೋಡುತ್ತ. ಅವಳು ಬೇಸರಪಡಲಿಲ್ಲ. ಮಧ್ಯಮ ಗಾತ್ರದ ಹಸಿರು ಗಾಡಿಯೊಂದನ್ನು ತೋರಿಸಿ, ಓಡಿಸಿ ನೋಡಬಹುದೇ ಎಂದಳು. ಹೆಲ್ಮೆಟ್ ಹಾಕಿಕೊಂಡು ಅಂಗಡಿಯ ಹಿಂದಿನ ಬಯಲಿನಲ್ಲಿ ಸುತ್ತು ಹೊಡೆದಳು. ಹ್ಯಾಂಡಲಿನ ಲಿವರನ್ನು ಹೆಬ್ಬೆರಳಿನಲ್ಲಿ ಸ್ವಲ್ಪ ಒತ್ತಿದರೆ ಮುಂದೆ ನುಗ್ಗುತ್ತಿತ್ತು, ಬಿಟ್ಟರೆ ತಾನೇ ನಿಧಾನವಾಗುತ್ತಿತ್ತು. ನೋಯುವ ಭುಜ ನೋಯಲೇ ಇಲ್ಲ. ಇಳಿದಾಗ ಅವಳ ಮುಖ ಕೆಂಪಾಗಿತ್ತು.

"ಇದೇ ರೀ," ಎಂದಳು. "ಇದೇ ಸಾಕು. ಕೆಲಸಕ್ಕೂ ಆಗ್ತದ, ತಿರುಗಾಡ್ಲಿಕ್ಕೂ ಆಗ್ತದ."

ಶ್ರೀರಂಗನ ಕಣ್ಣು ಷೋರೂಮಿನ ನಡುವೆ ನಿಂತಿದ್ದ ದೊಡ್ಡ ಕೆಂಪು ಗಾಡಿಯ ಮೇಲಿತ್ತು. ಅದರ ಎಂಜಿನ್ ಹಸಿರಿನದರ ಎರಡರಷ್ಟು.

"ಇದು ಆಟದ ಸಾಮಾನಿನ ಥರ ಇದೆ ಕಣೇ. ತಗೊಂಡ್ರೆ ಸರಿಯಾದ್ದೇ ತಗೋಬೇಕು."

"ಅದು ಭಾಳ ಭಾರ ಅದ. ನಮ್ಮ ಮಣ್ಣಾಗ ನಿಲ್ಲೂದಿಲ್ಲ."

"ನೋಡೋಣ, ನೋಡೋಣ. ಆತುರ ಏನಿದೆ?"

ಏಪ್ರಿಲ್‌ನಲ್ಲಿ ಅವಳ ಹುಟ್ಟುಹಬ್ಬಕ್ಕೆ ಬ್ರಿಸ್ಟಲ್‌ನಿಂದ ಮಗ ಶಿಶಿರ್ ಬಂದ. ಅಪ್ಪ ಮಗ ಇಬ್ಬರೂ ಸೇರಿ ಅವಳ ಕಣ್ಣಿಗೆ ದುಪಟ್ಟಾ ಕಟ್ಟಿ ಹುಲ್ಲುಗಾವಲಿಗೆ ಕರೆದೊಯ್ದರು. ಬಿಚ್ಚಿದಾಗ ಎದುರಿಗೆ ಕೆಂಪು ಗಾಡಿ, ಹ್ಯಾಂಡಲಿಗೆ ಬೆಳ್ಳಿ ಬಣ್ಣದ ರಿಬ್ಬನ್. ಕತ್ತೆಗಳು ದೂರ ಸರಿದು ನಿಂತಿದ್ದವು.

"ಹ್ಯಾಪಿ ಬರ್ತ್‌ಡೇ, ಮಮ್! ಇಟ್ಸ್ ಎ ಬೀಸ್ಟ್!" ಎಂದ ಶಿಶಿರ್.

ಜಯಾ ನಕ್ಕು ರಿಬ್ಬನ್ ಬಿಚ್ಚಿದಳು. ಮಗ ಅಷ್ಟು ದೂರದಿಂದ ಬಂದಿದ್ದಾನೆ, ಹಬ್ಬದ ದಿನ, ಮುಖ ಗಂಟಿಕ್ಕಬಾರದು ಎಂದುಕೊಂಡಳು. ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಶ್ರೀರಂಗ ಒಂದು ಸುತ್ತು ಹಾಕಿದ, ಶಿಶಿರ್ ಫೋಟೋ ತೆಗೆದ. ಆ ಫೋಟೋದ ಕೆಳಗೆ ವಾಟ್ಸಾಪಿನಲ್ಲಿ ಕನ್ನಡದವರೆಲ್ಲ ಚಪ್ಪಾಳೆಯ ಚಿತ್ರ ಹಾಕಿದರು. ಎಂಥ ಗಂಡ, ಎಂಥ ಮಗ.

ಬೇಸಿಗೆಯುದ್ದಕ್ಕೂ ಭಾನುವಾರಗಳು ಅಪ್ಪ ಮಗನದಾದವು. ಶಿಶಿರ್ ತಪ್ಪದೆ ಬರತೊಡಗಿದ. ಅದೊಂದು ಸಂತೋಷ ಎಂದು ಜಯಾ ತನಗೆ ತಾನೇ ಹೇಳಿಕೊಂಡಳು. ಅವರಿಬ್ಬರೂ ಗುಡ್ಡದ ದಾರಿಗಳಿಗೆ ಹೋಗಿ, ಸುಣ್ಣಕಲ್ಲಿನ ಬಿಳಿ ಕೆಸರು ಮೆತ್ತಿಕೊಂಡು ಬಂದು, ಗಾಡಿಯನ್ನು ಹಾಗೆಯೇ ಕೊಟ್ಟಿಗೆಯ ಪಕ್ಕ ನಿಲ್ಲಿಸಿ ಮನೆಗೆ ಹೊರಡುತ್ತಿದ್ದರು. ಸೋಮವಾರ ಅದನ್ನು ತೊಳೆಯುವುದು, ಪೆಟ್ರೋಲ್ ತುಂಬಿಸುವುದು ಜಯಾಳ ಪಾಲು. ಒಮ್ಮೆ ಅವಳೂ ಹೆಲ್ಮೆಟ್ ಹಿಡಿದು ಹೊರಟು ನಿಂತಾಗ ಶ್ರೀರಂಗ ಹೇಳಿದ: "ಈ ಪವರ್ ನಿನ್ ಕೈಲಿ ಆಗಲ್ಲ. ಆ ಭುಜ ಇಟ್ಕೊಂಡು ಎಲ್ಲಾದ್ರೂ ಪಲ್ಟಿ ಹೊಡೆದ್ರೆ ಆಪರೇಷನ್ ಮಾಡೋನು ನಾನೇ. ನಿಂಗೆ ಹೊಲದ ಕೆಲಸಕ್ಕೆ ಇದೆಯಲ್ಲ."

ಹೊಲದ ಕೆಲಸಕ್ಕೂ ಅದು ಒದಗಲಿಲ್ಲ. ಮಳೆಗಾಲ ಬಂದ ಕೂಡಲೇ ಅವಳು ಹೆದರಿದ್ದಂತೆಯೇ ಆಯಿತು. ಟ್ರೇಲರ್ ಕಟ್ಟಿ ಹತ್ತಲು ಹೋದರೆ ನಾಲ್ಕೂ ಗಾಲಿ ತಿರುಗಿ ತಿರುಗಿ ಗುಂಡಿ ತೋಡುತ್ತಿದ್ದವು. ಡಿಸೆಂಬರಿನ ಹೊತ್ತಿಗೆ ಗೇಟಿನ ಬಾಯಿ ಎಮ್ಮೆ ಹೊರಳಾಡಿದ ಹೊಂಡದಂತಾಗಿತ್ತು. ಜಯಾ ಮತ್ತೆ ಕೈಗಾಡಿ ಹಿಡಿದಳು. ಈಗ ಆ ಹೊಂಡವನ್ನೂ ಬಳಸಿ ತಳ್ಳಬೇಕಾಗಿತ್ತು.

ಜನವರಿಯ ಒಂದು ಭಾನುವಾರ ಅಪ್ಪ ಮಗ ಸವಾರಿಗೆ ಬಂದರು. ಜಯಾ ಜ್ವರವೆಂದು ಮನೆಯಲ್ಲಿದ್ದಳು. ಗೇಟಿನ ಕೆಸರಿನಲ್ಲಿ ಗಾಡಿ ಇಳಿಸಿದರೆ ಸಿಕ್ಕಿಬೀಳುವುದು ಖಚಿತ. ಹಾಗಾಗಿ ರಸ್ತೆಯ ಕಡೆಯ ಬೇಲಿಯಲ್ಲಿ ಒಂದು ಕಂಬದಿಂದ ಇನ್ನೊಂದಕ್ಕೆ ಮೊಳೆ ಹೊಡೆದಿದ್ದ ಮರದ ಅಡ್ಡಪಟ್ಟಿಗಳನ್ನು ಕಿತ್ತು, ನೇರವಾಗಿ ರಸ್ತೆಗೆ ಇಳಿದರು. ಸಂಜೆ ವಾಪಸ್ಸು ಬಂದಾಗ ಮೊಳೆ ಹುಡುಕುವ ತಾಳ್ಮೆ ಇರಲಿಲ್ಲ. ಪಟ್ಟಿಗಳನ್ನು ಕಂಬಕ್ಕೆ ಆನಿಸಿ, ಒಣಹುಲ್ಲಿನ ಪಿಂಡಿಯ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದರು. ಮುಂದಿನ ವಾರ ಹೊಡೆದರಾಯಿತು. ಮನೆಗೆ ಬಂದು ಬಿಸಿ ಸಾರು ಕುಡಿಯುವಾಗ ಇಬ್ಬರೂ ಬೇಲಿಯ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಜಯಾ ಕಾರು ತೆಗೆದುಕೊಂಡು ಹೋದಾಗ ರಸ್ತೆಯಲ್ಲಿ ಮಂಜು ಕವಿದಿತ್ತು. ಹುಲ್ಲುಗಾವಲಿನ ಹತ್ತಿರ ಒಂದು ವ್ಯಾನ್ ಅಡ್ಡ ನಿಂತಿತ್ತು, ಅದರ ಡ್ರೈವರ್ ರಸ್ತೆಯ ಅಂಚಿನಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. ಮಂಜಿನಲ್ಲಿ ಕಾಣಲಿಲ್ಲ, ಕಾಣಲೇ ಇಲ್ಲ ಎಂದು ಅದನ್ನೇ ಹೇಳುತ್ತಿದ್ದ. ಕಾಶವ್ವ ರಸ್ತೆಯಲ್ಲಿ ಬಿದ್ದಿತ್ತು, ಹೊಟ್ಟೆ ಇನ್ನೂ ಆಡುತ್ತಿತ್ತು. ಚಂದ್ರವ್ವ ಅದರ ಮೇಲೆ ತಲೆ ಬಾಗಿಸಿ ನಿಂತಿತ್ತು. ಜಯಾ ತನ್ನ ಕೋಟು ಬಿಚ್ಚಿ ಹೊದಿಸಿ, ತಣ್ಣನೆಯ ಡಾಂಬರಿನ ಮೇಲೆ ಕೂತು, ಆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪಶುವೈದ್ಯೆ ಬಂದು ನೋಡಿ, ಉಳಿಸಲಾಗದು ಎಂದು ನೋವಿಲ್ಲದೆ ಪ್ರಾಣ ಹೋಗುವ ಇಂಜೆಕ್ಷನ್ ಕೊಟ್ಟಳು.

ಹೆಣವನ್ನು ಕೂಡಲೇ ಒಯ್ಯಬೇಡಿ, ಜೊತೆಯದು ಮೂಸಿ ನೋಡಿ ತಾನಾಗಿ ಬಿಟ್ಟುಬರುವ ತನಕ ಬಿಡಿ ಎಂದು ವೈದ್ಯೆಯೇ ಹೇಳಿದಳು. ಪಕ್ಕದ ರೈತ ತನ್ನ ಟ್ರ್ಯಾಕ್ಟರಿನಲ್ಲಿ ಅದನ್ನು ಒಳಗೆ ತಂದು ಹುಲ್ಲಿನ ಮೇಲೆ ಮಲಗಿಸಿದ. ಚಂದ್ರವ್ವ ಇಡೀ ದಿನ ಅಲ್ಲೇ ನಿಂತಿತ್ತು. ಜಯಾ ಬೇಲಿಯ ಬಳಿ ಹೋಗಿ ನೋಡಿದಳು. ದಾರ ಹರಿದಿತ್ತು. ಮೊಳೆ ಕಿತ್ತ ತೂತುಗಳು ಹೊಸದಾಗಿದ್ದವು, ಅಲ್ಲಿಂದ ಕೆಂಪು ಗಾಡಿಯ ಗಾಲಿಗುರುತು ರಸ್ತೆಗೆ ಇಳಿದಿತ್ತು; ಕಂಬದಲ್ಲಿ ಉಳಿದಿದ್ದ ಗಂಟು ಶಿಶಿರ್ ಹಾಕುವಂಥದು.

ಶ್ರೀರಂಗನಿಗೆ ಫೋನ್ ಮಾಡಿ ಕಾಶವ್ವ ಸತ್ತದ್ದನ್ನು ಹೇಳಿದಳು. "ಛೆ. ಅದಕ್ಕೂ ವಯಸ್ಸಾಗಿತ್ತಲ್ವಾ," ಎಂದ. ಆಮೇಲೆ, "ಅಳ್ಬೇಡ ಜಯಾ. ಎಷ್ಟಾದ್ರೂ ಕತ್ತೆ."

ಚಂದ್ರವ್ವ ಮೇವು ಬಿಟ್ಟಿತು. ಸಂಸ್ಥೆಯವರು ಬಂದು, ಒಂಟಿಯಾಗಿ ಇಟ್ಟರೆ ಸಾಯುತ್ತದೆ, ಬೇರೆ ಕತ್ತೆಗಳ ನಡುವೆ ಇಡುತ್ತೇವೆ ಎಂದು ಲಾರಿ ಹತ್ತಿಸಿದರು. ಅವಳ ಬಗ್ಗೆ ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ. ಆದರೆ ಇನ್ನೊಂದು ಜೋಡಿಯ ಮಾತನ್ನೂ ಎತ್ತಲಿಲ್ಲ.

ಯುಗಾದಿಗೆ ಕಿಂಗ್ಸ್‌ಬರಿಯ ಸಮುದಾಯ ಭವನದಲ್ಲಿ ಊಟವಿತ್ತು. ಹೋಳಿಗೆ ಬಡಿಸುವಾಗ ಯಾರೋ ಎಂದಿನಂತೆ ನಗುತ್ತ, "ಡಾಕ್ಟ್ರೇ, ಹೇಗಿವೆ ನಿಮ್ ಕತ್ತೆಗಳು?" ಎಂದರು. ಶ್ರೀರಂಗ ಮುಖ ಸಣ್ಣಗೆ ಮಾಡಿ, "ಅಯ್ಯೋ, ಒಂದು ಬೇಲಿ ಮುರ್ಕೊಂಡು ರೋಡಿಗೆ ಹೋಗ್ಬಿಡ್ತು. ಏನ್ಮಾಡೋದು, ಬುದ್ಧಿ ಇಲ್ದಿರೋ ಪ್ರಾಣಿ" ಎಂದ.

ಜಯಾ ಅದೇ ಸಾಲಿನಲ್ಲಿ ಕೂತಿದ್ದಳು. ಎದ್ದು ನಿಲ್ಲಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಬೇಲಿ ಕಾಶವ್ವ ಮುರೀಲಿಲ್ಲ. ಮೊಳಿ ಕಿತ್ತವರು ಇವರು, ದಾರಾ ಕಟ್ಟಿದಾಂವ ನನ್ನ ಮಗಾ. ಗಾಡಿ ಹೊರಗ ತಗೀಲಿಕ್ಕೆ. ನನಗಂತ ತಂದ ಗಾಡಿ."

ಬಡಿಸುತ್ತಿದ್ದ ಶೋಭಾ ತುಪ್ಪದ ಮಿಳ್ಳೆ ಹಿಡಿದು ಹಾಗೇ ನಿಂತಳು. ಶ್ರೀರಂಗ ಎಲೆ ಮಡಿಸಿ ಎದ್ದುಹೋದ.

ಆಮೇಲೆ ಅವನು ವಾರಗಟ್ಟಲೆ ಅವಳೊಂದಿಗೆ ಮಾತಾಡಲಿಲ್ಲ. ಶಿಶಿರ್ ಫೋನ್ ಮಾಡಿ, "ಮಮ್, ಯು ಹ್ಯುಮಿಲಿಯೇಟೆಡ್ ಡ್ಯಾಡ್ ಇನ್ ಫ್ರಂಟ್ ಆಫ್ ಎವ್ರಿವನ್" ಎಂದ.

"ನಾ ಸುಳ್ಳು ಹೇಳಿದೆನೇನಪಾ?" ಎಂದು ಕೇಳಿದಳು.

"ದಟ್ಸ್ ನಾಟ್ ದ ಪಾಯಿಂಟ್," ಎಂದ ಮಗ. ಸಾರಿ ಎಂಬ ಮಾತನ್ನು ಅವನು ಕೊನೆಗೆ ಹೇಳಿದ್ದು ನಿಜ. ಅದು ಯಾವುದಕ್ಕೆ ಎಂದು ಅವಳು ಕೇಳಲಿಲ್ಲ.

ಬೇಸಿಗೆ ಶುರುವಾದಾಗ ಒಂದು ಬೆಳಿಗ್ಗೆ ಶ್ರೀರಂಗ ತಾನೇ ಕಾಫಿ ಮಾಡಿ ತಂದು ಅವಳ ಮುಂದಿಟ್ಟ. ಅವನು ಕೆಟ್ಟವನೇನಲ್ಲ, ಜಗಳವನ್ನು ಹೇಗೆ ಮುಗಿಸಬೇಕೆಂದು ಮಾತ್ರ ಅವನಿಗೆ ಎಂದೂ ಗೊತ್ತಿರಲಿಲ್ಲ.

"ಆ ಕೆಂಪು ಗಾಡಿ ಮಾರ್ಬಿಡೋಣ," ಎಂದ. "ನೀನು ಅವತ್ತು ನೋಡಿದ್ಯಲ್ಲ, ಹಸಿರುದು, ಅದನ್ನೇ ತಗೊಳ್ಳೋಣ. ನೀನೇ ಬಂದು ಆರಿಸು."

ಜಯಾ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆರಿಸಿದ್ದೆನಲ್ಲರೀ," ಎಂದಳು. "ಈಗ ಅದನ್ನ ತಂದು ಏನ ಹೇರಲಿ? ಯಾರಿಗೆ ಒಯ್ಲಿ?"

"ನೀನೊಬ್ಳೇ ಗುಡ್ಡದ ಕಡೆ ಹೋಗ್ಬಹುದಲ್ಲ. ಇಷ್ಟ ಇತ್ತಲ್ವಾ ನಿಂಗೆ?"

ಒಬ್ಬಳೇ ಹೋಗುವ ಆ ಆಸೆ ಅವನಿಗೆ ಮೊದಲೇ ಗೊತ್ತಿತ್ತು ಎಂಬುದು ಜಯಾಗೆ ತಿಳಿದದ್ದು ಆಗಲೇ. ಶೋಭಾ ಹೇಳಿರಬೇಕು, ಅಥವಾ ಅಂಗಡಿಯಲ್ಲಿ ಇಳಿದಾಗಿನ ಅವಳ ಮುಖದಲ್ಲೇ ಅವನು ಓದಿಕೊಂಡಿರಬೇಕು. ಗೊತ್ತಿದ್ದೂ ಆ ಕೆಂಪು ಗಾಡಿಯನ್ನೇ ತಂದಿದ್ದ. ಅವಳು ಕಾಫಿ ಕುಡಿಯದೆ ಎದ್ದು ಹೋಗಿ ಬಾಗಿಲ ಬಳಿ ಬೂಟು ಹಾಕಿಕೊಂಡಳು. ಆ ದಿನ ಹುಲ್ಲುಗಾವಲನ್ನು ಮಾಲೀಕನಿಗೆ ಬಿಟ್ಟುಕೊಡಬೇಕಾಗಿತ್ತು, ಕೊಟ್ಟಿಗೆ ಗುಡಿಸುವುದು ಬಾಕಿ ಇತ್ತು. ನಾನೂ ಬರಲಾ ಎಂದು ಶ್ರೀರಂಗ ಕೇಳಿದ. ಬ್ಯಾಡ ಎಂದಳು.